ಅಸರ್ಮತಿಯ ಶನಿವಾರದ ವಾರ್ತೆ

ನನ್ನ ವಾರಗಿತ್ತಿ ಅಸರ್ಮತಿಯನ್ನು ಊರಿನವರು ರೇಡಿಯೋಗೆ ಆರಿಸಿ ಕಳಿಸಿದ್ದು ಅವಳ ತಿಳಿವಳಿಕೆ ನೋಡಿ ಅಲ್ಲ, ಗಂಟಲು ನೋಡಿ. ಅವಳು ಅಂಗಳದಲ್ಲಿ ನಿಂತು ತನ್ನ ಎಮ್ಮೆಯನ್ನು ಕೂಗಿ ಕರೆದರೆ ಕೊರಕಲಿನ ಆಚೆ ದಂಡೆಯಲ್ಲಿ ಬೇರೆಯವರ ಎಮ್ಮೆಗಳೂ ಮೇಯುವುದನ್ನು ಬಿಟ್ಟು ತಲೆಯೆತ್ತುತ್ತಿದ್ದವು.

ಗುಡ್ಡದ ನೆತ್ತಿಯ ಮೇಲಿನ ಪೇಟೆಯಲ್ಲಿ ಒಂದು ಎಫ್‌ಎಂ ಕೇಂದ್ರವಿದೆ. ಜಿಲ್ಲೆಯ ಒಂದೊಂದು ಭಾಷೆಗೂ ವಾರಕ್ಕೆ ಕಾಲು ಗಂಟೆ ಕೊಡಬೇಕೆಂದು ಅವರಿಗೆ ಅದು ಹೇಗೋ ಹೊಳೆದಿತ್ತು. ನಮ್ಮ ದುಮಿ ಮಾತಿಗೆ ಬಿದ್ದದ್ದು ಶನಿವಾರ ಬೆಳಿಗ್ಗೆ ಹನ್ನೊಂದು. ಓದುವವರು ಯಾರು ಎಂದು ಊರಲ್ಲಿ ಸಭೆ ಸೇರಿತು. ಶಾಲೆ ಕಲಿತ ಹುಡುಗ ಹುಡುಗಿಯರಿಗೆ ಅಕ್ಷರ ಬರುತ್ತದೆ, ಆದರೆ ದುಮಿಯಲ್ಲಿ ಅವರಿಗೆ ಅನ್ನ ಕೇಳುವುದೂ ಬೈಯುವುದೂ ಬಿಟ್ಟರೆ ಬೇರೇನೂ ಬಾರದು. ಮುದುಕರಿಗೆ ಮಾತೆಲ್ಲ ಬರುತ್ತದೆ, ಅಕ್ಷರ ಬಾರದು. ಎರಡರ ನಡುವೆ ಸಿಕ್ಕಿಬಿದ್ದವಳು ಅಸರ್ಮತಿ. ನಲವತ್ತೆಂಟು ವರ್ಷ, ಆರನೇ ಕ್ಲಾಸು. ಅವಳ ಗಂಡ, ಅಂದರೆ ನನ್ನ ಭಾವ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನ್ನ ಗಂಡ ಬದುಕಿದ್ದಾನೆ. ಹೆಚ್ಚಿನ ಹೊತ್ತು ಮಲಗಿರುತ್ತಾನೆ. ಶನಿವಾರ ಸಂತೆಗೆ ಕಿತ್ತಳೆ ಹೊತ್ತುಕೊಂಡು ನಾನು ಹೇಗೂ ಪೇಟೆಗೆ ಹತ್ತುತ್ತಿದ್ದೆ. ಹಾಗಾಗಿ ಇಬ್ಬರೂ ಜೊತೆಯಾಗಿ ಹೋಗತೊಡಗಿದೆವು.

ಕೇಂದ್ರವೆಂದರೆ ತೀರ್ಥಲಾಲ್ ಎಂಬ ನೇವಾರ ಜಾತಿಯ ವ್ಯಾಪಾರಿಯ ಮನೆಯ ಮಹಡಿ. ಅವನೇ ಮ್ಯಾನೇಜರು, ಅವನೇ ಯಂತ್ರ ನೋಡುವವನು, ಗಾಳಿಗೆ ಬಾಗಿದ ಟವರನ್ನು ಹತ್ತಿ ಹಗ್ಗ ಬಿಗಿಯುವವನೂ ಅವನೇ. ಕೆಳಗೆ ಅವನ ಹೆಂಡತಿ ಜ್ಞಾನಶೋಭಾಳ ಬಟ್ಟೆ ಅಂಗಡಿ. ಅಂಗಡಿಯವರಾದ್ದರಿಂದ ನಮಗೆಲ್ಲ ಅವನು ಸಾಹು, ಅವಳು ಸಾಹುನಿ. ಮೇಲಿನ ಕೋಣೆಯ ಗೋಡೆಗೆಲ್ಲ ಮೊಟ್ಟೆ ಇಡುವ ತಟ್ಟೆಗಳನ್ನೂ ಹಳೆಯ ಕೌದಿಗಳನ್ನೂ ಮೊಳೆ ಹೊಡೆದು ಕೂರಿಸಿದ್ದರು. ಮೊದಲ ದಿನ ಅಸರ್ಮತಿ ಆ ಕೋಣೆಯಲ್ಲಿ ಕುಳಿತು ಕೆಮ್ಮಿ, ಬಾಯಿ ತೆರೆದಳು. ತೀರ್ಥಲಾಲ್ ಕಿವಿಗೆ ಹಾಕಿದ್ದನ್ನು ಕಿತ್ತೆಸೆದ.

"ದೀದಿ, ಹೊರಗಡೆ ಟವರ್ ಇದೆ. ಜಿಲ್ಲೆಗೆಲ್ಲ ನೀವೇ ಕೇಳಿಸ್ಬೇಕಾಗಿಲ್ಲ."

"ಟವರ್ ಮೇಲೆ ನಂಗೆ ನಂಬಿಕೆ ಇಲ್ಲ. ನೆಟ್ಟಗೆ ನಿಂತ್ಕೊಳ್ಳೋಕೇ ಬರಲ್ಲ ಅದಕ್ಕೆ," ಎಂದಳು ಅಸರ್ಮತಿ.

ಅವನು ಅವಳ ಸ್ಟೂಲನ್ನು ಒಂದು ಮೊಳ ಹಿಂದಕ್ಕೆ ಸರಿಸಿದ. ಆಮೇಲೆ ಇನ್ನೊಂದು ಮೊಳ. ಮೂರನೇ ವಾರದ ಹೊತ್ತಿಗೆ ಮೈಕು ಮೇಜಿನ ಮೇಲಿದ್ದರೆ ಅಸರ್ಮತಿ ಬಾಗಿಲ ಹೊಸಿಲ ಮೇಲೆ ಕುಳಿತು ವಾರ್ತೆ ಓದುತ್ತಿದ್ದಳು. ನಾನು ಅವಳ ಹಿಂದೆ ಮೆಟ್ಟಿಲ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದೆ.

ಗಂಟಲಿನ ತೊಂದರೆ ಹೀಗೆ ಮುಗಿಯಿತು. ಆದರೆ ವಾರ್ತೆಯ ತೊಂದರೆ ಬೇರೆಯೇ ಇತ್ತು. ತೀರ್ಥಲಾಲ್ ನೇಪಾಳಿಯಲ್ಲಿ ಬರೆದ ಕಾಗದ ಕೊಡುತ್ತಿದ್ದ, ಅವಳು ಅದನ್ನು ನೋಡಿಕೊಂಡು ದುಮಿಯಲ್ಲಿ ಹೇಳಬೇಕು. ಮೊದಲ ದಿನದ ಮೊದಲ ಸಾಲೇ ‘ಪ್ರಧಾನಮಂತ್ರಿಗಳು ಜಪಾನಿನಿಂದ ಬಂದರು’ ಎಂದಿತ್ತು. ಅಸರ್ಮತಿ ಅಲ್ಲಿಯೇ ನಿಂತಳು.

"ಹೇಗೆ ಬಂದ್ರು?"

"ವಿಮಾನದಲ್ಲಿ."

"ಅದಲ್ಲ ಸಾಹೂ. ಹತ್ತಿ ಬಂದ್ರಾ, ಇಳಿದು ಬಂದ್ರಾ, ಇಲ್ಲ ಅಡ್ಡಕ್ಕೆ ಬಂದ್ರಾ?"

"ಬಂದ್ರು ಅಷ್ಟೇ. ಸುಮ್ನೆ ಬಂದ್ರು ಅನ್ನಿ."

ಗುಡ್ಡದಲ್ಲಿ ಬದುಕುವವರು ಸುಮ್ಮನೆ ಎಲ್ಲಿಗೂ ಬರುವುದಿಲ್ಲ. ಕೆಳಗಿನ ಹೊಲದಿಂದ ಬಂದರೆ ಅದಕ್ಕೊಂದು ಮಾತು, ಮೇಲಿನ ಕಾಡಿನಿಂದ ಬಂದರೆ ಇನ್ನೊಂದು, ಪಕ್ಕದ ಮನೆಯಿಂದ ಸಮಕ್ಕೆ ನಡೆದು ಬಂದರೆ ಮತ್ತೊಂದು. ಇದನ್ನು ಅವನಿಗೆ ತಿಳಿಸಲು ಅವಳು ಎದ್ದು ಮೆಟ್ಟಿಲು ಹತ್ತಿ ಇಳಿದು ತೋರಿಸಿದಳು. ಹನ್ನೊಂದಕ್ಕೆ ಎರಡು ನಿಮಿಷ ಇತ್ತು. ತೀರ್ಥಲಾಲ್ ಬೆವತು, "ವಿಮಾನ ಇಳಿದಿರುತ್ತೆ, ಇಳಿದೇ ಬಂದ್ರು ಅಂತ ಹೇಳಿ ಪುಣ್ಯ ಕಟ್ಕೊಳ್ಳಿ," ಎಂದ. ಹಾಗೆ ಪ್ರಧಾನಮಂತ್ರಿಗಳು ಜಪಾನಿನಿಂದ ಇಳಿದು ಬಂದರು.

ಸೋಮವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಾಲ್ಕು ಹೇಸರಗತ್ತೆಗಳು ನಿಂತಿದ್ದವು. ಅವುಗಳ ಮುಂದೆ ಖಗಧೋಜ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನು ಕೊರಕಲಿನ ಆಚೆಯವನು, ಹೆಂಡತಿ ಸತ್ತವನು, ಐವತ್ತು ದಾಟಿದವನು. ಪೇಟೆಗೆ ಅಕ್ಕಿ ಸಿಮೆಂಟು ಸಾಗಿಸುತ್ತ ದಿನವಿಡೀ ಹತ್ತಿ ಇಳಿಯುವುದೇ ಅವನ ಕೆಲಸ. ಹಾಗಾಗಿ ಮೇಲೆ ಕೆಳಗೆ ಎನ್ನುವ ವಿಷಯ ತನ್ನದೇ ಆಸ್ತಿ ಎಂದು ಅವನು ತಿಳಿದಿದ್ದ.

"ಜಪಾನ್ ಎಲ್ಲಿದೆ?" ಎಂದು ಕೇಳಿದ.

"ನಮಸ್ಕಾರ ಅನ್ನೋದು ಕಲಿತಿಲ್ವಾ?" ಎಂದಳು ಅಸರ್ಮತಿ.

"ನಮಸ್ಕಾರ. ಜಪಾನ್ ಎಲ್ಲಿದೆ? ಸಮುದ್ರದಲ್ಲಿ. ಸಮುದ್ರ ಎಲ್ಲಿದೆ? ನಮ್ಮ ಹೊಳೆ ಹರಿದು ಹರಿದು ಹೋಗಿ ಬೀಳೋ ಜಾಗದಲ್ಲಿ. ಅಲ್ಲಿಂದ ಬರೋನು ಹತ್ತಿ ಬರ್ತಾನೋ ಇಳಿದು ಬರ್ತಾನೋ?"

"ವಿಮಾನ ಇಳೀದೆ ನಿನ್ನ ಪ್ರಧಾನಮಂತ್ರಿ ಆಕಾಶದಲ್ಲೇ ಜೋತಾಡ್ತಿರ್ಬೇಕಾ?"

"ಇಳಿದಿದ್ದು ವಿಮಾನ. ಬಂದಿದ್ದು ಮನುಷ್ಯ."

ಅಸರ್ಮತಿ ಸಿಟ್ಟಿನಲ್ಲೇ ಅವನಿಗೆ ಒಂದು ಬಟ್ಟಲು ರಾಗಿ ಹೆಂಡ ಬಗ್ಗಿಸಿ ಕೊಟ್ಟಳು. ಅವನು ಕುಡಿದು, ಬಾಯಿ ಒರೆಸಿಕೊಂಡು, "ಹೆಂಡ ಚೆನ್ನಾಗಿದೆ, ವಾರ್ತೆ ಸರಿಯಿಲ್ಲ," ಎಂದು ಹೇಳಿ ಹೋದ.

ಅಲ್ಲಿಂದ ಪ್ರತಿ ಸೋಮವಾರವೂ ಇದೇ ಆಯಿತು. ಆರೋಗ್ಯ ಮಂತ್ರಿ ಇಲಾಮಿನಿಂದ ಅಡ್ಡಕ್ಕೆ ಬಂದದ್ದು ತಪ್ಪು, ನಡುವೆ ಎಷ್ಟು ಕಣಿವೆ ಇದೆ ಗೊತ್ತಾ? ಆನೆಗಳು ತರಾಯಿಯಿಂದ ಇಳಿದು ಬಂದವು ಅಂದ್ಯಲ್ಲ, ತರಾಯಿಗಿಂತ ಕೆಳಗೆ ಇನ್ನೇನಿದೆ, ಪಾತಾಳವಾ? ಅವನು ಎಣಿಸುತ್ತಿದ್ದ, ಅವಳು ಬೈಯುತ್ತಿದ್ದಳು, ಹೇಸರಗತ್ತೆಗಳು ನಮ್ಮ ಸಾಸಿವೆ ಸೊಪ್ಪು ತಿನ್ನುತ್ತಿದ್ದವು. ನನ್ನ ಗಂಡ ಒಮ್ಮೆ ಎದ್ದು ಬಂದು ನೋಡಿ, "ಇವನಿಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿ ಮತ್ತೆ ಹೋಗಿ ಮಲಗಿದ.

ಮಾಘ ಮಾಸದಲ್ಲಿ ಕಾಠ್ಮಂಡುವಿನಿಂದ ರೇಡಿಯೋ ತರಬೇತಿಗೆಂದು ಒಬ್ಬ ಹುಡುಗಿ ಬಂದಳು. ದೊಡ್ಡ ಕನ್ನಡಕ, ಸಣ್ಣ ದನಿ. ಅಸರ್ಮತಿ ಓದುವುದನ್ನು ಕೇಳಿ ಅವಳು ಎರಡು ತಪ್ಪು ಹೇಳಿದಳು. ಒಂದು, ಕೊನೆಯಲ್ಲಿ "ಇಷ್ಟೇ, ಇನ್ನೇನಿಲ್ಲ, ಎದ್ದು ಕೆಲಸ ನೋಡ್ಕೊಳ್ಳಿ" ಎಂದು ಮುಗಿಸಬಾರದು. ಪ್ರೀತಿಯಿಂದ ‘ನಾವು ಮುಂದಿನ ಶನಿವಾರ ಮತ್ತೆ ಭೇಟಿಯಾಗೋಣ’ ಎನ್ನಬೇಕು. ಇನ್ನೊಂದು, ಸಂತೆಯಲ್ಲಿ ಕೂಗಿದ ಹಾಗೆ ಓದಬಾರದು.

"ಸಾವಿರ ಜನ ಕೇಳ್ತಿದಾರೆ ಅಂದ್ಕೋಬೇಡಿ ದೀದಿ. ಒಬ್ಬರೇ ಒಬ್ಬರು ಇದಾರೆ. ನಿಮ್ಮ ಎದುರಿಗೇ ಕೂತಿದಾರೆ. ಅವರ ಹತ್ರ ಮಾತ್ರ ಮಾತಾಡ್ತಿದೀನಿ ಅಂದ್ಕೊಳ್ಳಿ. ಆಗ ದನಿ ತಾನಾಗೇ ಮೆತ್ತಗಾಗುತ್ತೆ."

ಅಸರ್ಮತಿ ಹೇಳಿದ ಕೆಲಸ ಹೇಳಿದ ಹಾಗೆ ಮಾಡುವವಳು. ಮುಂದಿನ ಶನಿವಾರ ಕಣ್ಣು ಮುಚ್ಚಿಕೊಂಡು, ಎದುರಿಗೆ ಯಾರೋ ಒಬ್ಬರು ಇದ್ದಾರೆಂದುಕೊಂಡು, ಮೆಲ್ಲಗೆ ಓದಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಇಪ್ಪತ್ತೈದು ವರ್ಷದಲ್ಲಿ ಕೇಳಿರಲಿಲ್ಲ. ಕೊನೆಗೆ ಆ ಸಾಲು ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನೇಪಾಳಿಯಲ್ಲಿ ‘ನಾವು’ ಎಂದರೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಇಬ್ಬರೋ, ಇಬ್ಬರಿಗಿಂತ ಹೆಚ್ಚೋ? ಕೇಳುತ್ತಿರುವ ನೀನು ಆ ಲೆಕ್ಕದಲ್ಲಿ ಇದ್ದೀಯೋ, ಹೊರಗಿದ್ದೀಯೋ? ಎಲ್ಲ ಆ ಒಂದೇ ಮಾತಿನಲ್ಲಿ ತಿಳಿಯಬೇಕು. ‘ಇಂಚಿ’ ಎಂದರೆ ನೀನು ಮತ್ತು ನಾನು, ಇಬ್ಬರೇ. ‘ಅಂಚಿ’ ಎಂದರೆ ನಾನು ಮತ್ತು ಇನ್ನೊಬ್ಬರು, ನೀನಲ್ಲ. ಎದುರಿಗೆ ಒಬ್ಬರೇ ಇದ್ದಾರೆಂದು ಕಣ್ಣು ಮುಚ್ಚಿ ಕುಳಿತ ಅಸರ್ಮತಿಯ ಬಾಯಿಂದ ಬಂದದ್ದು ‘ಇಂಚಿ’. ಮುಂದಿನ ಶನಿವಾರ ಇದೇ ಹೊತ್ತಿಗೆ ಮತ್ತೆ ಭೇಟಿಯಾಗೋಣ, ನೀನು ಮತ್ತು ನಾನು, ಇಬ್ಬರೇ.

ಆ ವಾರ ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ಅದೇ ನಮಗೆ ವಿಚಿತ್ರವೆನಿಸಬೇಕಿತ್ತು.

ಶನಿವಾರ ನಾವು ಪೇಟೆ ತಲುಪಿದಾಗ ಕೇಂದ್ರದ ಕೆಳಗಿನ ಬೆಂಚಿನ ಮೇಲೆ ಮೂವರು ಕುಳಿತಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೊದಲನೆಯವನು ಪಹಲ್‌ಮಾನ್, ಪಲ್ಟನ್ನಿನಿಂದ ನಿವೃತ್ತನಾದವನು, ಅರವತ್ತೆರಡರ ವಿಧುರ. ಎದೆಯ ಮೇಲೆ ಪದಕಗಳು, ಕಂಕುಳಲ್ಲಿ ಕೆಂಪು ಹುಂಜ. ಕೂದಲಿಗೆ ಕಪ್ಪು ಬಳಿದಿದ್ದ. ಏರುಹಾದಿಯ ಬೆವರಿಗೆ ಅದು ಕರಗಿ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿದಿತ್ತು. ಎರಡನೆಯವನು ಜೇನು ಸಾಕುವ ಭಕ್ತಧನ್, ಮದುವೆಯಾಗದವನು, ವರ್ಷಕ್ಕೆ ಎರಡು ಸಲ ಮಾತಾಡುವವನು. ಅವನ ಕೈಯಲ್ಲಿ ಜೇನಿನ ಡಬ್ಬಿ. ಮೂರನೆಯವಳು ಎಂಬತ್ತರ ದಿಲ್ಸರಿ ಅಜ್ಜಿ. ಅವಳನ್ನು ಮೊಮ್ಮಗ ಬುಟ್ಟಿಯಲ್ಲಿ ಕೂರಿಸಿ ಹೊತ್ತು ತಂದು ಇಳಿಸಿ, ಕೆಟ್ಟ ಮೊಬೈಲು ತೋರಿಸಲು ಹೋಗಿದ್ದ.

"ಏನಜ್ಜಿ, ಇಷ್ಟು ದೂರ?" ಎಂದೆ ನಾನು.

"ಇವಳೇ ಕರೆದಳಲ್ಲ. ಮೋಮೋ ತಿನ್ನಿಸ್ತಾಳೆ ಅಂದ್ಕೊಂಡೆ. ಪೇಟೆಗೆ ಕರೆದ ಮೇಲೆ ಮೋಮೋ ತಾನೆ?"

"ಅಜ್ಜಿ, ಅವರು ಕರೆದಿದ್ದು ನಿನ್ನನ್ನಲ್ಲ," ಎಂದ ಪಹಲ್‌ಮಾನ್, ಮೀಸೆ ಮುಟ್ಟಿ ನೋಡಿಕೊಂಡು.

"ಮತ್ತೆ ನಿನ್ನನ್ನಾ? ನೀನು ರೇಡಿಯೋದಿಂದ ಎಷ್ಟು ದೂರ ಕೂತಿದ್ದೆ?"

"ಕೈ ಅಳತೆಯಲ್ಲಿ."

"ನನ್ನ ಮಡಿಲಲ್ಲೇ ಇತ್ತು ರೇಡಿಯೋ!" ಎಂದು ಅಜ್ಜಿ ಗೆದ್ದಳು.

ಭಕ್ತಧನನ ಕಿವಿ ಕೆಂಪಾಗಿತ್ತು. ಅವನು ಮೆಲ್ಲಗೆ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ರೇಡಿಯೋ ತೆಗೆದು ಕಿವಿಯ ಪಕ್ಕ ಹಿಡಿದು ತೋರಿಸಿದ. ಅವನಿಗಿಂತ ಹತ್ತಿರ ಯಾರೂ ಇರಲಿಲ್ಲವೆಂದು ಒಪ್ಪಬೇಕಾಯಿತು.

ಅಸರ್ಮತಿಗೆ ಆಗ ಅರ್ಥವಾಯಿತು. ಮುಖ ಟೊಮೆಟೊ ಹಣ್ಣಾಯಿತು. "ಅಯ್ಯೋ, ನಾನು ಯಾರಿಗೂ ಹೇಳಿದ್ದಲ್ಲ!"

"ಯಾರೂ ಇಲ್ದೆ ‘ಇಂಚಿ’ ಅಂದ್ಯಾ?" ಅಜ್ಜಿ ಅವಳ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ."

ಅಷ್ಟರಲ್ಲಿ ಗಂಟೆ ಸದ್ದು ಮಾಡುತ್ತ ಹೇಸರಗತ್ತೆಗಳು ಬಂದವು, ಹಿಂದೆ ಖಗಧೋಜ್. ಪಹಲ್‌ಮಾನ್ ಎದ್ದು ನಿಂತ. "ನೀನೂನಾ?"

"ನಾನು ಬಂದಿರೋದು ಹಣಕಾಸು ಮಂತ್ರಿ ವಿಷಯಕ್ಕೆ," ಎಂದ ಖಗಧೋಜ್. "ಬೀರ್‌ಗಂಜ್‌ನಿಂದ ಕಾಠ್ಮಂಡುಗೆ ಅಡ್ಡಕ್ಕೆ ಬಂದ್ರಂತೆ. ಈ ಸೋಮವಾರ ಹೇಳೋಕೆ ಮರೆತೆ, ಮುಂದಿನ ಸೋಮವಾರದ ತನಕ ತಡ್ಕೊಳ್ಳೋಕೆ ಆಗ್ಲಿಲ್ಲ." ಆಮೇಲೆ ಬೆಂಚನ್ನೂ ಹುಂಜವನ್ನೂ ಜೇನಿನ ಡಬ್ಬಿಯನ್ನೂ ನೋಡಿ ಅವನ ಮುಖ ಸಪ್ಪಗಾಯಿತು. ಮಂತ್ರಿಯ ವಿಷಯ ಅಲ್ಲಿಗೇ ಬಿಟ್ಟು ಹಗ್ಗ ಎಳೆದುಕೊಂಡು ಹೊರಟುಹೋದ.

ಹುಂಜ ಈ ಗದ್ದಲದಲ್ಲಿ ಕಂಕುಳಿನಿಂದ ಜಾರಿ ಮೆಟ್ಟಿಲು ಹತ್ತಿತು. ಮೇಲೆ ಕೋಣೆಯಲ್ಲಿ ರೇಡಿಯೋಗೆ ತಮಾಂಗ್ ಭಾಷೆಯವರ ಭಜನೆ ನಡೆಯುತ್ತಿತ್ತು. ಹುಂಜ ನಡುವೆ ಎರಡು ಸಲ ಕೂಗಿತು. ಭಜನೆ ಬಹಳ ಚೆನ್ನಾಗಿತ್ತೆಂದು ಆ ದಿನ ಪೇಟೆಯವರು ಹೊಗಳಿದರು. ದಿಲ್ಸರಿ ಅಜ್ಜಿಗೆ ನಾನು ಎರಡು ತಟ್ಟೆ ಮೋಮೋ ತಿನ್ನಿಸಿದೆ. ಪಹಲ್‌ಮಾನ್ ಸೆಲ್ಯೂಟ್ ಹೊಡೆದು ಹೋದ. ಭಕ್ತಧನ್ ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು ಸದ್ದಿಲ್ಲದೆ ಹೋದ. ಜೇನು ತುಂಬ ಚೆನ್ನಾಗಿತ್ತು.

ಆ ದಿನ ನಾಚಿಕೆಗೆ ಕೊನೆಯ ಸಾಲನ್ನೇ ಬಿಟ್ಟು ಓದಿದ್ದ ಅಸರ್ಮತಿ ಅದರ ಮುಂದಿನ ಶನಿವಾರ ತಪ್ಪು ತಿದ್ದಲು ಗಟ್ಟಿ ಮನಸ್ಸು ಮಾಡಿಕೊಂಡು ಕುಳಿತಳು. ಓದಿ ಮುಗಿಸಿ, "ಅವತ್ತು ಹೇಳಿದ್ದು ನಿನಗಲ್ಲ. ನೀನು ಬರಬೇಡ," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತರಬೇತಿಯ ಹುಡುಗಿ ಹೇಳಿದ ಪ್ರೀತಿಯ ಸಾಲು ಬಾಕಿಯಿತ್ತಲ್ಲ. ಶನಿವಾರ ಈ ಕೋಣೆಯಲ್ಲಿ ಸೇರುವವರು ನಿಜಕ್ಕೂ ಯಾರು? ತಾನು, ಮತ್ತೆ ಯಂತ್ರದ ಮುಂದೆ ಕುಳಿತ ತೀರ್ಥಲಾಲ್. ಹಾಗಾಗಿ ಅವಳು ಬಹಳ ಯೋಚಿಸಿ, ‘ಅಂಚಿ’ ಎಂದಳು. ಮುಂದಿನ ಶನಿವಾರ ಇಲ್ಲಿ ಸೇರುತ್ತೇವೆ, ನಾನು ಮತ್ತು ಇನ್ನೊಬ್ಬರು, ನೀನಲ್ಲ.

ಕೆಳಗಿನ ಅಂಗಡಿಯಲ್ಲಿ ಏನೋ ದಡಾರನೆ ಬಿತ್ತು. ಮರುಗಳಿಗೆಗೆ ಜ್ಞಾನಶೋಭಾ ಬಟ್ಟೆ ಅಳೆಯುವ ಕಬ್ಬಿಣದ ಗಜಕೋಲು ಹಿಡಿದು ನನ್ನನ್ನು ದಾಟಿ, ಅಸರ್ಮತಿಯನ್ನು ದಾಟಿ, ಒಳಗೆ ನುಗ್ಗಿದಳು.

"ಯಾರ ಜೊತೆ?" ಎಂದು ಗಂಡನನ್ನು ಕೇಳಿದಳು. "ಅಂಚಿ ಅಂದ್ಲು. ಯಾರ ಜೊತೆ ಅಂಚಿ? ಈ ಕೋಣೇಲಿ ನಿನ್ನ ಬಿಟ್ರೆ ಯಾರಿದಾರೆ?"

ತೀರ್ಥಲಾಲ್ ಬಾಯಿ ತೆರೆದವನು ಮುಚ್ಚಲಿಲ್ಲ. "ನಿಂಗೆ ದುಮಿ ಬರುತ್ತಾ?"

"ಮೂವತ್ತು ವರ್ಷದಿಂದ ಇವರಿಗೆ ಬಟ್ಟೆ ಮಾರ್ತಿದೀನಿ. ಚೌಕಾಸಿ ಮಾಡುವಾಗ ಅವರವರೇ ಏನು ಮಾತಾಡ್ಕೋತಾರೆ ಅಂತ ಗೊತ್ತಾಗೋದು ಬೇಡ್ವಾ?" ಎಂದು ಅವಳು ಗಜಕೋಲನ್ನು ಮೇಜಿಗೆ ಬಡಿದಳು. ಆಮೇಲೆ ಅಸರ್ಮತಿಯ ಕಡೆ ತಿರುಗಿ, "ಏ, ಸರಿಯಾಗಿ ಹೇಳು. ಇಬ್ಬರೇ ಅಲ್ಲ ಅಂತ ಹೇಳು. ನಾನೂ ಇರ್ತೀನಿ ಅಂತ ಹೇಳು!"

ಮೈಕು ಇನ್ನೂ ಜೀವಂತವಾಗಿತ್ತು. ಗಜಕೋಲು ನೋಡಿ ಅಸರ್ಮತಿಯ ತಲೆ ಕೆಟ್ಟಿತು. ಇಬ್ಬರೇ ಅಲ್ಲ ಎನ್ನುವುದನ್ನು ಸರಿಮಾಡಿಕೊಂಡಳು. ನೀನಲ್ಲ ಎನ್ನುವುದು ಹಾಗೇ ಉಳಿದುಹೋಯಿತು. ಹೊಸಿಲ ಮೇಲಿಂದಲೇ ಎಮ್ಮೆ ಕರೆಯುವ ದನಿಯಲ್ಲಿ ಕೂಗಿದಳು: "ಇಬ್ಬರೇ ಅಲ್ಲ! ತುಂಬ ಜನ! ನಿಮ್ಮನ್ನು ಬಿಟ್ಟು ನಾವೆಲ್ಲ ಮುಂದಿನ ಶನಿವಾರ ಸಾಹುನಿಯ ಮನೆಯಲ್ಲಿ ಸೇರ್ತೀವಿ!"

ನಿಮ್ಮನ್ನು ಬಿಟ್ಟು ನಾವೆಲ್ಲ. ಊರಿನವರು ಇದನ್ನು ಕೇಳಿ ಒಂದೇ ಅರ್ಥ ಮಾಡಿಕೊಂಡರು. ತುಂಬ ಜನ ಒಂದು ಮನೆಯಲ್ಲಿ ಸೇರುವುದು ಯಾತಕ್ಕೆ? ಊಟಕ್ಕೆ. ಮೊದಲು ಒಬ್ಬನನ್ನು ಕರೆದಳು, ಆಮೇಲೆ ಇನ್ನೊಬ್ಬನಿದ್ದಾನೆ ಎಂದಳು, ಈಗ ಊಟ. ಅಸರ್ಮತಿ ಪೇಟೆಯಲ್ಲಿ ಕದ್ದು ಮದುವೆಯಾಗುತ್ತಿದ್ದಾಳೆ.

ನಾವು ಸಂತೆ ಮುಗಿಸಿ ಇಳಿದು ಬರುವಷ್ಟರಲ್ಲಿ ನಮ್ಮ ಪೂಜಾರಿ, ಅಂದರೆ ನೊಕ್ಚೋ, ಅಂಗಳದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ. ನನ್ನೊಡನೆ ಮಾತಾಡಬಾರದೆಂದು ಹಾಗೆ ಕುಳಿತಿದ್ದನಂತೆ. ಅದನ್ನು ಅವನೇ ಹೇಳಿದ.

"ಹುಟ್ಟಿದಾಗ ಹೆಸರಿಟ್ಟೋನು ನಾನು. ಅವಳ ಮೊದಲ ಗಂಡನ್ನ ಪಿತೃಗಳ ಹತ್ರ ಕಳಿಸಿಕೊಟ್ಟೋನು ನಾನು. ಎರಡನೇ ಮದುವೆಗೆ ನನ್ನನ್ನ ಬಿಟ್ಟು ‘ನಾವೆಲ್ಲ’ ಅಂತೆ!"

"ಮಾವ, ಮದುವೆ ಇಲ್ಲ, ಏನೂ ಇಲ್ಲ. ಅವಳು ತಪ್ಪು ಮಾತಾಡಿದ್ದು."

"ರೇಡಿಯೋದಲ್ಲಿ ಬಂದಿದೆ," ಎಂದ ಅವನು.

ವಾರವಿಡೀ ಊರಿನವರು ನಮ್ಮೊಡನೆ ಮಾತು ಬಿಟ್ಟರು. ಆದರೆ ಎಲ್ಲರ ಮನೆ ಮುಂದೆಯೂ ಒಳ್ಳೆಯ ಬಟ್ಟೆ ಒಗೆದು ಹರವಿತ್ತು. ಸೋಮವಾರ ಖಗಧೋಜ್ ಬರಲಿಲ್ಲ. ಅಸರ್ಮತಿ ಮೂರು ಸಲ ಹೊರಗೆ ಬಂದು ಕೊರಕಲಿನ ಕಡೆ ನೋಡಿದಳು. ಬಟ್ಟಲಿಗೆ ಹೆಂಡ ಬಗ್ಗಿಸಿ ಇಟ್ಟಿದ್ದಳು, ಸಂಜೆ ಅದನ್ನು ಹಂದಿಗೆ ಹಾಕಿದಳು. ಹಂದಿ ಗೋಡೆಗೆ ಒರಗಿ ನಿದ್ದೆ ಹೋಯಿತು.

"ಏನಕ್ಕಾ, ಯಾರಾದ್ರೂ ಬರೋರಿದ್ರಾ?" ಎಂದೆ.

"ಬಾಯಿ ಮುಚ್ಕೊಂಡು ಸೊಪ್ಪು ಕಿತ್ತು ಹಾಕು," ಎಂದಳು.

ಶನಿವಾರ ಬಂತು. ಅಸರ್ಮತಿ ಒಳಗೆ ಕುಳಿತು ಬಾಗಿಲು ಹಾಕಿಕೊಂಡಳು. ನಾನೂ ತೀರ್ಥಲಾಲನೂ ಅವಳ ಜೊತೆ ಒಳಗಿದ್ದೆವು. ಜ್ಞಾನಶೋಭಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಗಜಕೋಲು ಕೈಯಲ್ಲೇ ಇತ್ತು. ಹನ್ನೊಂದಕ್ಕೆ ಕೆಂಪು ದೀಪ ಹೊತ್ತಿತು. ಅಸರ್ಮತಿ "ಕೇಳುಗರೇ" ಎಂದಳು. ಅಷ್ಟರಲ್ಲಿ ಕೆಳಗಿನಿಂದ ಡೋಲಿನ ಸದ್ದು ಕೇಳಿಸಿತು.

ಎಪ್ಪತ್ತು ಜನ ಬಂದಿದ್ದರು. ಕರೆಯದ ಮದುವೆಗೆ ಬರಿಗೈಯಲ್ಲಿ ಹೋದರೆ ಬೈಯಲು ಬಾಯಿ ಬರುವುದಿಲ್ಲವೆಂದು ಬಿದಿರಿಗೆ ಕಟ್ಟಿದ ಒಂದು ಹಂದಿಯನ್ನೂ ತಂದಿದ್ದರು. ಮೆಟ್ಟಿಲ ಮೇಲೆ ಹಂದಿಯ ಸಮೇತ ನುಗ್ಗಿದ ರಭಸಕ್ಕೆ ಬಾಗಿಲ ಚಿಲಕ ಕಿತ್ತು ಬಂತು. ಗೋಡೆಯ ಮೊಟ್ಟೆ ತಟ್ಟೆಗಳು ಉದುರಿದವು. ತೀರ್ಥಲಾಲ್ ಮೇಜಿನ ಕೆಳಗೆ ಸೇರಿಕೊಂಡ.

"ಗಂಡು ಯಾರು?" ಎಂದು ನೊಕ್ಚೋ ಗುಡುಗಿದ. "ಈ ಸಾಹುವಾ?"

"ನನ್ನ ಗಂಡನ ತಂಟೆಗೆ ಬಂದ್ರೆ ಹಲ್ಲು ಉದುರಿಸ್ತೀನಿ!" ಎಂದಳು ಜ್ಞಾನಶೋಭಾ. ಸ್ವಚ್ಛ ದುಮಿಯಲ್ಲಿ, ನಮ್ಮ ಅಜ್ಜಿಯಂದಿರ ಹಾಗೆ.

ಬಂದಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ನಿಂತು ಸಾಹುನಿಯ ಮೂಗಿನ ಬಗ್ಗೆ, ಅವಳ ಅತ್ತೆಯ ಬಗ್ಗೆ, ಅವಳ ಗಜಕೋಲು ಗಿಡ್ಡವಾಗುತ್ತಿರುವುದರ ಬಗ್ಗೆ ತಾವು ಏನೇನು ಹೇಳಿದ್ದೆವು ಎಂದು ಎಲ್ಲರೂ ಒಮ್ಮೆಗೇ ನೆನೆಸಿಕೊಳ್ಳುತ್ತಿದ್ದರು. ನನಗೂ ಎರಡು ಮಾತು ನೆನಪಾಗಿ ಮೈ ಬೆವರಿತು.

"ಹಾಗಾದ್ರೆ ಗಂಡು ಯಾರು?" ಎಂದ ನೊಕ್ಚೋ, ಈ ಸಲ ಮೆಲ್ಲಗೆ.

ಪಹಲ್‌ಮಾನ್ ಒಂದು ಹೆಜ್ಜೆ ಮುಂದಿಟ್ಟ. ಅವನನ್ನು ಪಕ್ಕಕ್ಕೆ ತಳ್ಳಿಕೊಂಡು ಹಿಂದಿನಿಂದ ಖಗಧೋಜ್ ಬಂದ. "ಇಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ಆ ಮಾತೇ ತಪ್ಪು," ಎಂದ. "ಅವಳು ಹೇಳ್ಬೇಕಾಗಿದ್ದು ಬೇರೆ, ಬಾಯಿಂದ ಬಿದ್ದಿದ್ದು ಬೇರೆ. ಅದನ್ನ ರೇಡಿಯೋದಲ್ಲೇ ಸರಿಮಾಡ್ಬೇಕು. ನಾನು ಮಾಡ್ತೀನಿ." ಹೇಳಿ ಮೈಕಿನ ಮುಂದೆ ಕುಳಿತ. ಬಾಯಿ ತೆರೆದ. ನಾಲ್ಕು ಹೇಸರಗತ್ತೆಗಳನ್ನು ಎರಡು ಗುಡ್ಡದಾಚೆಗೆ ಕೇಳುವಂತೆ ಬೈಯುವವನ ಗಂಟಲಿನಿಂದ ಇಲಿಮರಿಯ ಸದ್ದು ಬಂತು. ಇನ್ನೊಮ್ಮೆ ತೆರೆದ. ಅದೂ ಬರಲಿಲ್ಲ.

ಅಸರ್ಮತಿ ಸೊಂಟಕ್ಕೆ ಕೈಯಿಟ್ಟಳು. "ಯಾಕೆ, ಮಾತು ನಿಂತುಹೋಯ್ತಾ? ಪ್ರತಿ ಸೋಮವಾರ ನನ್ನ ಅಂಗಳದಲ್ಲಿ ನಿಂತು ಊಟದ ಹೊತ್ತಿನ ತನಕ ಬರೋ ಮಾತು ಈಗ ಎಲ್ಲಿಗೆ ಹೋಯ್ತು?"

"ನೀನು ತಪ್ಪು ಓದ್ತೀಯಾ, ಅದಕ್ಕೆ ಬರ್ತೀನಿ," ಎಂದ ಅವನು, ಅರ್ಧ ದನಿಯಲ್ಲಿ.

"ಬೇಕಂತಲೇ ಓದ್ತೀನಿ ಕಣೋ ದಡ್ಡ! ಬೀರ್‌ಗಂಜ್ ಕೆಳಗಿದೆ ಅಂತ ನಂಗೊತ್ತಿಲ್ವಾ? ಆನೆ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ವಾ? ಸರಿಯಾಗಿ ಓದಿದ್ರೆ ನೀನು ಸೋಮವಾರ ಯಾಕೆ ಬರ್ತೀಯಾ?"

ಇದೆಲ್ಲ ಬಾಗಿಲ ಹೊಸಿಲಿನ ದನಿಯಲ್ಲಿ, ಮೈಕಿನಿಂದ ಒಂದು ಗೇಣು ದೂರದಲ್ಲಿ. ಜಿಲ್ಲೆಯ ಎಲ್ಲ ಅಂಗಡಿ, ಎಲ್ಲ ಹೊಲ, ಎಲ್ಲ ಜೀಪುಗಳಲ್ಲಿ ಆ ಮಾತು ಹೋಯಿತು. ಅರ್ಥವಾಗದವರಿಗೂ ಅರ್ಥವಾಯಿತಂತೆ.

ಖಗಧೋಜ್ ಬೆರಳು ಮಡಚಿ ಎಣಿಸಿದ. "ಎಲ್ಲಾ ತಪ್ಪೂ ಬೇಕಂತಲೇನಾ?"

"ಎಲ್ಲಾ."

"ಜಪಾನೂ?"

"ಜಪಾನ್ ತಪ್ಪಲ್ಲ. ಜಪಾನ್ ಸರಿಯಾಗೇ ಓದಿದೀನಿ."

"ಹೇಗೆ ಸರಿಯಾಗುತ್ತೆ? ಸಮುದ್ರ ಕೆಳಗಿದೆ!" ದನಿ ಪೂರ್ತಿ ಮರಳಿ ಬಂದಿತ್ತು. ಪಹಲ್‌ಮಾನ್ ತಾನು ವಿಮಾನದಲ್ಲಿ ಹೋದವನೆಂದು ನಡುವೆ ಬಾಯಿ ಹಾಕಿದ. ನೊಕ್ಚೋ ಪಿತೃಗಳು ಯಾವ ದಾರಿಯಲ್ಲಿ ಬರುತ್ತಾರೋ ಅದೇ ದಾರಿ ಎಂದ. ದಿಲ್ಸರಿ ಅಜ್ಜಿ ಜಪಾನ್ ಎಂದರೆ ಯಾರ ಮಗ ಎಂದು ಕೇಳಿದಳು. ಎಪ್ಪತ್ತು ಜನ ಎರಡು ಪಾಲಾಗಿ ಕೂಗಾಡುತ್ತಿರುವಾಗ ಕಾಲು ಗಂಟೆ ಮುಗಿದು, ಮುಂದಿನವರ ಕಾಲು ಗಂಟೆಯೂ ಮುಗಿಯಿತು. ತೀರ್ಥಲಾಲ್ ಮೇಜಿನ ಕೆಳಗಿನಿಂದ ಕೈ ಚಾಚಿ ಯಂತ್ರ ಆರಿಸಿದ. ಕೇಂದ್ರ ತೆರೆದ ದಿನದಿಂದ ಅಷ್ಟು ಫೋನು ಬಂದದ್ದು ಆವತ್ತೇ. ಎಲ್ಲರದೂ ಒಂದೇ ಪ್ರಶ್ನೆ, ಯಾಕೆ ನಿಲ್ಲಿಸಿದಿರಿ?

ಹಂದಿಯನ್ನು ಮತ್ತೆ ಹೊತ್ತು ಇಳಿಯಲು ಯಾರಿಗೂ ಮನಸ್ಸಿರಲಿಲ್ಲ. ಸಾಹುನಿಯ ಹಿತ್ತಿಲಿನಲ್ಲಿ ಒಲೆ ಹೂಡಿದರು. ಹೆಂಗಸರೆಲ್ಲ ಪೈಪೋಟಿಯ ಮೇಲೆ ಅವಳಿಗೆ ಒಳ್ಳೊಳ್ಳೆಯ ತುಂಡು ಬಡಿಸಿದರು. ಅವಳು ಮೂಗು ಮೇಲೆತ್ತಿ ತಿಂದಳು. ಭಕ್ತಧನ್ ಆ ವರ್ಷದ ಎರಡನೇ ಮಾತು ಆಡಿದ: "ಉಪ್ಪು ಕಡಿಮೆ."

ಮೂರು ದಿನ ಬಿಟ್ಟು ಖಗಧೋಜ್ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದ. ಸೋಮವಾರವಲ್ಲ, ಹೇಸರಗತ್ತೆಗಳೂ ಇರಲಿಲ್ಲ. ಕೈಯಲ್ಲಿ ಮುಚ್ಚಿದ ಮರದ ಪಾತ್ರೆ. ಹೆಣ್ಣು ಕೇಳಲು ಮನೆಯವರ ಮುಂದೆ ಹೆಂಡ ಇಡಬೇಕು. ಅವರು ಕುಡಿದರೆ ಒಪ್ಪಿಗೆ, ಹಿಂದಕ್ಕೆ ತಳ್ಳಿದರೆ ಇಲ್ಲ. ಅಸರ್ಮತಿಗೆ ಅತ್ತೆ ಮಾವ ಇಲ್ಲ. ನನ್ನ ಗಂಡ ಮಲಗಿದ್ದ. ಹಾಗಾಗಿ ಪಾತ್ರೆ ನನ್ನ ಮುಂದೆ ಬಂತು.

"ಏನ್ ಹೇಳ್ತೀರಿ?" ಎಂದ, ನೆಲ ನೋಡುತ್ತ.

ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಹಳೆಯದು, ಚಳಿಗಾಲವಿಡೀ ಇಟ್ಟದ್ದು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಬೇಗ ಮುಗಿಸಿಬಿಡಲು ಮನಸ್ಸು ಬರಲಿಲ್ಲ. "ಇದು ದೊಡ್ಡ ವಿಷಯ. ಸ್ವಲ್ಪ ಸ್ವಲ್ಪ ಯೋಚನೆ ಮಾಡ್ಬೇಕು," ಎಂದು ಹೇಳಿ ಒಂದು ಬಟ್ಟಲು ಬಗ್ಗಿಸಿಕೊಂಡೆ.

ಎರಡನೇ ಬಟ್ಟಲಿಗೆ ವಾಸನೆ ಹಿಡಿದು ನನ್ನ ಗಂಡ ಎದ್ದು ಬಂದು ನನ್ನ ಪಕ್ಕ ಕುಳಿತ. ಅವನೂ ಯೋಚನೆ ಮಾಡತೊಡಗಿದ. ಖಗಧೋಜ್ ಬಿಸಿಲಿನಲ್ಲಿ ಮಂಡಿಯೂರಿ ಕಾಯುತ್ತಿದ್ದ. ಒಳಗೆ ಅಸರ್ಮತಿ ಪಾತ್ರೆ ಕುಕ್ಕುವ ಸದ್ದು ಜಾಸ್ತಿಯಾಗುತ್ತ ಹೋಯಿತು. ಕೊನೆಗೆ ಅವಳು ಬಾಗಿಲಿಗೆ ಬಂದು ಸೌಟು ತೋರಿಸಿ, "ಇನ್ನೂ ಎಷ್ಟು ಕುಡೀತೀರಿ? ನನ್ನ ಮದುವೆಗೂ ಸ್ವಲ್ಪ ಉಳಿಸಿ!" ಎಂದಳು.